ಖಾಲಿ ಸೀಟಿನ ಲೆಕ್ಕ

ಕಲಬುರಗಿಯ ಗಾಜಿಪುರದ ಮನೆಯಿಂದ ಬಸ್ ಹಿಡಿದು ಕಮಲಾಪುರ ಕಡೆಯ ಹಳ್ಳಿಗಳಿಗೆ ಚುನಾವಣೆ ಡ್ಯೂಟಿಗೆ ಹೋಗುತ್ತಿದ್ದ ಗುಮಾಸ್ತ ನಾನು. ದೊಡ್ಡ ಚುನಾವಣೆಯಲ್ಲಿ ಒಬ್ಬ ತಪ್ಪಿದರೆ ತಿದ್ದಲು ಹತ್ತು ಜನ ಇರುತ್ತಾರೆ. ಉಪಚುನಾವಣೆಯ ಕಡತ ಒಬ್ಬನ ಮೇಜಿನ ಮೇಲೇ ಬಿದ್ದಿರುತ್ತದೆ. ನನ್ನ ತಪ್ಪುಗಳೆಲ್ಲ ಅಲ್ಲೇ ಆದವು.

1. ಸೀಟು ಮನೆಯದಲ್ಲ, ವಾರ್ಡಿನದು.

ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ತೀರಿಕೊಂಡಿದ್ದರು. ಹದಿನೈದು ದಿನ ಕಳೆದ ಮೇಲೆ ಅವರ ಹೆಂಡತಿ ಮೈದುನನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮರಣಪತ್ರ, ಆಧಾರ್, ರೇಷನ್ ಕಾರ್ಡ್, ಎರಡು ಫೋಟೊ. "ಸಾಹೇಬ್ರ, ನಮ್ಮ ಮನಿಯವರ ಮೆಂಬರಗಿ ನನ್ನ ಹೆಸರಿಗಿ ಮಾಡ್ಲಕ್ಕ ಏನೇನ್ ಕೊಡ್ಬೇಕ್ರಿ?" ಹೊಲದ ಫೌತಿ ಖಾತೆ ಮಾಡಿಸಿದ ಅನುಭವ ಅವರದು. ನಾನು ನಕ್ಕುಬಿಟ್ಟೆ. ಸದಸ್ಯತ್ವ ವಾರಸಾ ಬರುವುದಿಲ್ಲ, ಉಪಚುನಾವಣೆ ಬಂದಾಗ ನೀವೇ ನಿಲ್ಲಬಹುದು ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಅವರು ಚೀಲ ಮಡಚಿಕೊಂಡು ಹೋದ ಮೇಲೆ ಮೇಜು ನೋಡಿದೆ. ಸೀಟು ಖಾಲಿಯಾದ ವರದಿ ನಮ್ಮಿಂದ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ರಾಜ್ಯ ಚುನಾವಣಾ ಆಯೋಗಕ್ಕೆ ಹೋಗಬೇಕು. ಅದು ಇನ್ನೂ ನನ್ನ ಪೇಪರ್‌ವೇಟಿನ ಕೆಳಗೇ ಇತ್ತು.

2. ಸದಸ್ಯ ಹೋದರೂ ಮೀಸಲಾತಿ ಹೋಗುವುದಿಲ್ಲ.

"ಉಪಚುನಾವಣೆ ಅಲ್ಲೇನ್ರಿ, ಯಾರರ ನಿಲ್ಲಬಹುದು" ಎಂದು ಹುಡುಗನೊಬ್ಬನಿಗೆ ಧೈರ್ಯ ಹೇಳಿದ್ದೆ. ಅದು ಮಹಿಳೆಗೆ ಮೀಸಲಾದ ಸೀಟು. ಖಾಲಿಯಾದ ಸೀಟಿನ ವರ್ಗ ಬದಲಾಗುವುದಿಲ್ಲ. ಕೊನೆಗೆ ಅವನ ತಾಯಿ ನಾಮಪತ್ರ ಹಾಕಿದರು. ಅಷ್ಟರಲ್ಲಿ ಅವನ ಫೋಟೊ ಇದ್ದ ಬ್ಯಾನರ್ ಪ್ರಿಂಟಾಗಿತ್ತು.

3. ಮೂರು ಸಲ ಒತ್ತಿದ ಕೈಗೆ ಒಂದು ಮುದ್ರೆ ಸಾಲದು.

ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಒಂದು ವಾರ್ಡಿಗೆ ಮೂರು ಸೀಟಿದ್ದರೆ ಮತದಾರರಿಗೆ ಮೂರು ಮತ. ಉಪಚುನಾವಣೆಯಲ್ಲಿ ಖಾಲಿ ಇರುವುದು ಒಂದೇ, ಮತವೂ ಒಂದೇ. ಇದನ್ನು ಡಂಗುರ ಸಾರಿಸಬೇಕಿತ್ತು, ನನಗೆ ಹೊಳೆಯಲಿಲ್ಲ. ಮತಗಟ್ಟೆಯಲ್ಲಿ ಅಜ್ಜಿಯೊಬ್ಬರು ಮುದ್ರೆ ಕೈಯಲ್ಲಿ ಹಿಡಿದೇ ಹೊರಗೆ ಬಂದರು. "ಯಪ್ಪಾ, ಇನ್ನೆರಡು ಎಲ್ಲಿ ಒತ್ಲಿ?" ಏಜೆಂಟರು ನಕ್ಕರು. ಈ ಸಲ ನಾನು ನಗಲಿಲ್ಲ. ಎಣಿಕೆ ದಿನ ಎರಡೆರಡು ಕಡೆ ಒತ್ತಿದ ಚೀಟಿಗಳು ಒಂದೊಂದಾಗಿ ತಿರಸ್ಕೃತ ಕಟ್ಟಿಗೆ ಸೇರುವುದನ್ನು ನೋಡುತ್ತ ಕೂತೆ. ಇವತ್ತಿಗೂ ಮನಸ್ಸಿಗೆ ಚುಚ್ಚುವುದು ಇದೊಂದೇ.

4. ಐದು ವರ್ಷ ಎಣಿಸುವುದು ಮೊದಲ ಸಭೆಯಿಂದ.

ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಗೆದ್ದವರೊಬ್ಬರು ಹಾರ ಹಾಕಿಕೊಂಡೇ ಬಂದು "ನಂದು ಎಲ್ಲಿ ತನಕ್ರಿ?" ಎಂದರು. ದೊಡ್ಡ ಚುನಾವಣೆಗೆ 2020ರ ಡಿಸೆಂಬರ್ 22 ಮತ್ತು 27ರಂದು ಮತದಾನ, 30ಕ್ಕೆ ಎಣಿಕೆ ಆಗಿದ್ದು ಬಾಯಿಪಾಠವಿತ್ತು. 2025ರ ಡಿಸೆಂಬರ್ 30 ಎಂದುಬಿಟ್ಟೆ. ಸಂವಿಧಾನದ ಪ್ರಕಾರ ಲೆಕ್ಕ ಶುರುವಾಗುವುದು ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ. ಪಾಪ, ಮೊದಲೇ ಸಣ್ಣ ಅವಧಿ, ಅದರಲ್ಲೂ ನಾನು ಕತ್ತರಿ ಆಡಿಸಿದ್ದೆ.

5. ಗೊತ್ತಿಲ್ಲದ ಓಣಿಗೆ ಹೋಗಬಾರದು.

ಹಳ್ಳಿಯ ಕಡತ ನೋಡಿದವನು ನಗರದ ಬಗ್ಗೆಯೂ ಮಾತಾಡಿದೆ. ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರ್ 3ರಂದು ಮತದಾನವಾಗಿ ಕಾಂಗ್ರೆಸ್‌ಗೆ 27, ಬಿಜೆಪಿಗೆ 23, ಜೆಡಿಎಸ್‌ಗೆ 4, ಪಕ್ಷೇತರರಿಗೆ 1 ಬಂದಿತ್ತು. ಇಂಥ ಲೆಕ್ಕದಲ್ಲಿ ಒಂದು ಕುರ್ಚಿ ಖಾಲಿಯಾದರೂ ಎಲ್ಲರ ಕಣ್ಣು ಅದರ ಮೇಲೆ. ಖಾಲಿಯಾದರೆ ಸರ್ಕಾರ ನಾಮನಿರ್ದೇಶನ ಮಾಡಿ ತುಂಬುತ್ತದೆ ಎಂದು ಪಕ್ಕದ ಮನೆಯ ಕಾಕಾಗೆ ಹೇಳಿದೆ. ತಪ್ಪು. ನಾಮನಿರ್ದೇಶಿತರು ಬೇರೆ, ಸಭೆಯಲ್ಲಿ ಅವರಿಗೆ ಮತ ಹಾಕುವ ಹಕ್ಕಿಲ್ಲ. ವಾರ್ಡು ತುಂಬಬೇಕಾದರೆ ಮತ್ತೆ ಜನರ ಹತ್ತಿರವೇ ಹೋಗಬೇಕು. ಇದನ್ನೆಲ್ಲ ತಿಳಿದು ಹೇಳುವಷ್ಟರಲ್ಲಿ ಕಾಕಾ ಬಯೋಡೇಟಾ ಟೈಪ್ ಮಾಡಿಸಿ ಆಗಿತ್ತು. ನಾಲ್ಕು ಪ್ರತಿ ಜೆರಾಕ್ಸಿನ ರೊಕ್ಕ ಈಗಲೂ ನನ್ನನ್ನೇ ಕೇಳುತ್ತಾರೆ.