ಪಾಸ್ ಅಗ್ಗ, ಸ್ಟೇಷನ್ ದುಬಾರಿ

ಕಲ್ಯಾಣದಿಂದ ಮುಂಬಯಿಯ ಸಿಎಸ್‌ಎಂಟಿಗೆ ಹಳಿಯ ಮೇಲೆ ಸುಮಾರು 54 ಕಿಲೋಮೀಟರ್. ಎರಡನೇ ದರ್ಜೆಯ ತಿಂಗಳ ಪಾಸ್ 315 ರೂಪಾಯಿ, ಥಾಣೆಯಿಂದಾದರೆ 215. ಮನೆಯಿಂದ ಸ್ಟೇಷನ್ನಿಗಿರುವ ಒಂದೂವರೆ ಕಿಲೋಮೀಟರಿನ ಲೆಕ್ಕವೇ ಬೇರೆ. 2025ರ ಫೆಬ್ರವರಿ 1ರಿಂದ ಮುಂಬಯಿ ಮಹಾನಗರ ಪ್ರದೇಶದಲ್ಲಿ ರಿಕ್ಷಾದ ಕನಿಷ್ಠ ಬಾಡಿಗೆ 23ರಿಂದ 26 ರೂಪಾಯಿಗೆ ಏರಿದೆ. ಹೋಗಿಬರಲು 52. ತಿಂಗಳಿಗೆ 25 ದಿನದ ಕೆಲಸ ಎಂದು ಹಿಡಿದರೆ 1,300 ರೂಪಾಯಿ. ಐವತ್ತು ಚಿಲ್ಲರೆ ಕಿಲೋಮೀಟರ್ ಕರೆದೊಯ್ಯುವ ರೈಲಿಗೆ ಕೊಡುವುದರ ನಾಲ್ಕು ಪಟ್ಟು ಹಣ ಸ್ಟೇಷನ್ ಬಾಗಿಲು ಮುಟ್ಟುವುದಕ್ಕೇ ಖರ್ಚು.

ಶೇರ್ ರಿಕ್ಷಾ ಇದೆಯಲ್ಲ ಎಂದು ಕೇಳಬಹುದು. ಇದೆ. ಡೊಂಬಿವಲಿ, ಕಲ್ಯಾಣಗಳ ಬೆಳಗು ನಡೆಯುವುದೇ ಶೇರ್ ರಿಕ್ಷಾದ ಮೇಲೆ. ಮೀಟರಿನ ಅರ್ಧ ಎಂದು ಲೆಕ್ಕ ಹಾಕಿದರೂ ತಿಂಗಳಿಗೆ 650, ವರ್ಷಕ್ಕೆ 7,800. ಮನೆಯಲ್ಲಿ ಇಬ್ಬರು ಕೆಲಸಕ್ಕೆ ಹೋಗುವವರಿದ್ದರೆ ಅದು ಇಮ್ಮಡಿ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕ್ಯಾಂಟೀನ್ ನಡೆಸುವ ಕುಂದಾಪುರ ಕಡೆಯವರೊಬ್ಬರು ಹೇಳುತ್ತಿದ್ದರು: “ರೈಲಿಗೆ ಕೊಡುದು ಲೆಕ್ಕಕ್ಕೇ ಇಲ್ಲ ಮಾರಾಯ್ರೆ, ಕಿಸೆ ಖಾಲಿ ಮಾಡುದು ರಿಕ್ಷಾವೇ.” ಅವರು ತರಕಾರಿ ತರಲು ಹೋಗುವುದೂ ಸೈಕಲ್ಲಿನಲ್ಲಿ, ಹ್ಯಾಂಡಲ್ಲಿನ ಎರಡೂ ಬದಿಗೆ ಚೀಲ ಕಟ್ಟಿಕೊಂಡು.

ಡೊಂಬಿವಲಿಯಲ್ಲಿ ಮನೆ, ಥಾಣೆಯಲ್ಲಿ ಕೆಲಸ ಇರುವ ಈ ಅಂಕಣಕಾರ ಸೈಕಲ್ ಕೊಂಡದ್ದು 2020ರಲ್ಲಿ. ಆ ವರ್ಷ ಮಾರ್ಚ್ ಕೊನೆಯಲ್ಲಿ ಕೊರೊನಾದಿಂದಾಗಿ ಲೋಕಲ್ ರೈಲು ನಿಂತಿತು. ಜೂನ್ 15ಕ್ಕೆ ಮತ್ತೆ ಓಡಲು ಶುರುವಾದರೂ ಹತ್ತಲು ಅವಕಾಶವಿದ್ದದ್ದು ಅಗತ್ಯ ಸೇವೆಯ ನೌಕರರಿಗೆ ಮಾತ್ರ. ಮಿಕ್ಕವರಿಗೆ ರಸ್ತೆಯೇ ಗತಿ. ಶಿಳ್‌ಫಾಟಾ, ಮುಂಬ್ರಾ ಮಾರ್ಗವಾಗಿ ಕಂಟೇನರ್ ಲಾರಿಗಳ ಪಕ್ಕದಲ್ಲಿ ಥಾಣೆಗೆ ಪೆಡಲ್ ತುಳಿದವರಲ್ಲಿ ಅಂಕಣಕಾರನೂ ಒಬ್ಬ. ಆ ಹಾದಿಯನ್ನು ಆತ ಯಾರಿಗೂ ಶಿಫಾರಸು ಮಾಡುವುದಿಲ್ಲ. ಜವಾಹರಲಾಲ್ ನೆಹರೂ ಬಂದರಿನ ಸರಕು ಹರಿಯುವ ರಸ್ತೆಯಲ್ಲಿ ಸೈಕಲ್ಲಿಗೆ ಉಳಿಯುವುದು ಬಿಳಿಗೆರೆಯ ಆಚೆಯ ಒಂದು ಅಡಿ ಮಣ್ಣು ಮಾತ್ರ. ರೈಲು ಎಲ್ಲರಿಗೂ ತೆರೆದ ಮೇಲೆ ದೂರದ ಸವಾರಿ ನಿಂತಿತು. ಸ್ಟೇಷನ್ ತನಕದ ಸವಾರಿ ಮಾತ್ರ ಉಳಿದುಕೊಂಡಿತು.

ಉಳಿತಾಯ ಇರುವುದೂ ಅಲ್ಲಿಯೇ. ಸೈಕಲ್ಲಿನ ದುಡ್ಡಿನ ಮಾತು ಬಂದಾಗಲೆಲ್ಲ ಅದನ್ನು ಕಾರಿನ ಜೊತೆಗೋ ಬೈಕಿನ ಜೊತೆಗೋ ಹೋಲಿಸುವ ರೂಢಿ ಇದೆ. ಮಧ್ಯ ರೈಲ್ವೆಯ ಈ ಮಾರ್ಗದಲ್ಲಿ ಆ ಹೋಲಿಕೆಗೆ ಅರ್ಥವಿಲ್ಲ. ಇಲ್ಲಿ ರೈಲನ್ನು ಮೀರಿಸುವ ವಾಹನವೇ ಇಲ್ಲ, ಸೈಕಲ್ ಅದರ ಜೊತೆ ಪೈಪೋಟಿಗೆ ಇಳಿಯಬೇಕಾಗಿಯೂ ಇಲ್ಲ. ರೈಲಿನ ಎರಡು ತುದಿಗಳಲ್ಲಿ ಉಳಿಯುವ ತುಂಡು ಹಾದಿ ಸೈಕಲ್ಲಿನದ್ದು. ಊಟದ ಡಬ್ಬಿ ಮುಟ್ಟಿಸುವ ಡಬ್ಬಾವಾಲಾಗಳ ಕಸುಬು ನಿಂತಿರುವುದು ಇದೇ ಜೋಡಣೆಯ ಮೇಲೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಆರಂಭಿಸಿದ ಈ ಏರ್ಪಾಟಿನಲ್ಲಿ ಮನೆಯಿಂದ ಎತ್ತಿದ ಡಬ್ಬಿ ಸೈಕಲ್ಲಿಗೆ ತೂಗಿಕೊಂಡು ಸ್ಟೇಷನ್ ಸೇರುತ್ತದೆ, ಲೋಕಲ್ಲಿನ ಲಗೇಜ್ ಬೋಗಿಯಲ್ಲಿ ದೂರ ದಾಟುತ್ತದೆ, ಇಳಿದ ಮೇಲೆ ಮತ್ತೆ ಸೈಕಲ್ ಅಥವಾ ಕೈಗಾಡಿ ಹತ್ತುತ್ತದೆ. ಪ್ರತಿ ಡಬ್ಬಿಗೂ ರಿಕ್ಷಾ ಬಾಡಿಗೆ ಸೇರಿಸಿದ್ದರೆ ಆ ಕಸುಬು ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಸಂಬಳದಾರನ ತಿಂಗಳ ಲೆಕ್ಕ ಇದಕ್ಕಿಂತ ಬೇರೆಯೇನಲ್ಲ.

ಯಾವ ಸೈಕಲ್ ಎಂಬ ಪ್ರಶ್ನೆಗೆ ಬರೋಣ. ಭಾನುವಾರ ಬೆಳಿಗ್ಗೆ ಥಾಣೆಯ ಯೇವೂರು ಗುಡ್ಡದ ಕಡೆಗೋ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಗೋ ಹೋದರೆ ಹಗುರ ಚೌಕಟ್ಟಿನ, ಹಲವು ಗೇರಿನ ದುಬಾರಿ ಸೈಕಲ್‌ಗಳು ಸಾಲುಸಾಲಾಗಿ ಕಾಣುತ್ತವೆ. ವ್ಯಾಯಾಮಕ್ಕೆ ಅವು ಒಳ್ಳೆಯವೇ. ಸ್ಟೇಷನ್ ಹೊರಗೆ ಇಡೀ ದಿನ ಬಿಟ್ಟುಹೋಗುವವನಿಗೆ ಬೇಕಾದದ್ದು ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಇರುವ ಸಾದಾ ಸೈಕಲ್. ಆರೇಳು ಸಾವಿರದೊಳಗೆ ಅಂಥದ್ದು ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 6,000 ಇರುವ ಸೈಕಲ್ಲಿಗೆ ಮೊದಲು 6,720 ತೆರಬೇಕಿತ್ತು, ಈಗ 6,300. ಉಳಿಯುವ 420 ರೂಪಾಯಿಗೆ ಗಟ್ಟಿಯಾದ ಒಂದು ಬೀಗ ಬರುತ್ತದೆ. ಅಂಗಡಿಯವರು ಹಳೆಯ ದರದ ಚೀಟಿ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲನ್ನು ನೋಡಿಯೇ ಹಣ ಕೊಡಬೇಕು.

ಸೈಕಲ್ಲಿಗೆ ನೋಂದಣಿ ಇಲ್ಲ, ವಿಮೆಯ ಕಡ್ಡಾಯ ಇಲ್ಲ, ಪಿಯುಸಿ ಇಲ್ಲ. 75ರಿಂದ 150 ಸಿಸಿ ಸ್ಕೂಟರಿಗೆ 2022ರಲ್ಲಿ ನಿಗದಿಯಾದ ಮೂರನೇ ವ್ಯಕ್ತಿ ವಿಮೆಯ ಕಂತೇ ವರ್ಷಕ್ಕೆ 714 ರೂಪಾಯಿ. ಅದರ ಮೇಲೆ ಲೀಟರಿಗೆ ನೂರು ದಾಟಿದ ಪೆಟ್ರೋಲ್, ಸರ್ವಿಸ್, ಪಾರ್ಕಿಂಗ್. ಒಂದೂವರೆ ಕಿಲೋಮೀಟರಿಗಾಗಿ ಸ್ಕೂಟರ್ ಕೊಳ್ಳುವುದು ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ಹಾಗೆಂದು ವರ್ಷವಿಡೀ ತಿಂಗಳಿಗೆ 1,300 ಉಳಿಯುತ್ತದೆ ಎಂದು ಬರೆದರೆ ಅದು ಓದುಗರಿಗೆ ಮಾಡುವ ಮೋಸ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಂಕಣದ ಮಳೆ. ಹೊಂಡ ಯಾವುದು, ಬಾಯ್ದೆರೆದ ಗಟಾರ ಯಾವುದು ಎಂದು ನೀರಿನಡಿಯಲ್ಲಿ ಗೊತ್ತಾಗುವುದಿಲ್ಲ, ಚೈನ್ ವಾರದೊಳಗೆ ತುಕ್ಕು ಹಿಡಿಯುತ್ತದೆ. ಆ ನಾಲ್ಕು ತಿಂಗಳನ್ನು ಅಂಕಣಕಾರ ಲೆಕ್ಕದಿಂದಲೇ ಬಿಟ್ಟಿದ್ದಾನೆ. ಎಂಟು ತಿಂಗಳಿಗೆ ಉಳಿಯುವುದು 10,400. ಟ್ಯೂಬ್, ಬ್ರೇಕ್ ಶೂ, ಪಂಕ್ಚರ್, ಎಣ್ಣೆ, ಸ್ಟ್ಯಾಂಡಿನ ಬಾಡಿಗೆ ಎಲ್ಲ ಸೇರಿ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಉಳಿದ 8,400 ಮೊದಲ ವರ್ಷ ಸೈಕಲ್ಲಿನ ಬೆಲೆಯನ್ನು ತೀರಿಸುತ್ತದೆ. ಎರಡನೇ ವರ್ಷದಿಂದ ಅದೇ ಹಣ ತಿಂಗಳಿಗೆ 700ರಂತೆ ಅಂಚೆ ಕಚೇರಿಯ ಆರ್‌ಡಿಗೆ ಹೋದರೆ, ಶೇ. 6.7ರ ದರದಲ್ಲಿ ಐದು ವರ್ಷಕ್ಕೆ ಕಟ್ಟಿದ 42,000 ಹೆಚ್ಚುಕಡಿಮೆ 50,000 ಆಗಿ ಕೈಸೇರುತ್ತದೆ. ಬೇರೆಯದೇ ಖಾತೆ ತೆರೆಯುವುದು ಮುಖ್ಯ. ರಿಕ್ಷಾಕ್ಕೆ ಕೊಡದ ಹಣ ಕಿಸೆಯಲ್ಲೇ ಇದ್ದರೆ ಸಂಜೆ ಸ್ಟೇಷನ್ ಹೊರಗಿನ ವಡಾಪಾವ್, ಚಹಾಕ್ಕೆ ಕರಗಿಹೋಗುತ್ತದೆ.

ಸಮಯದ ಬೆಲೆ ಇನ್ನೊಂದಿದೆ. ರಿಕ್ಷಾ ಸರತಿಯಲ್ಲಿ ಹತ್ತು ನಿಮಿಷ ಹೋದರೆ ಹಿಡಿಯಬೇಕಾದ ಲೋಕಲ್ ತಪ್ಪುತ್ತದೆ. ಮುಂದಿನದ್ದರಲ್ಲಿ ಬಾಗಿಲಿಗೆ ಜೋತುಬೀಳಬೇಕು. 2025ರ ಜೂನ್ 9ರ ಬೆಳಿಗ್ಗೆ ದಿವಾ, ಮುಂಬ್ರಾ ನಡುವೆ ಬಾಗಿಲಲ್ಲಿ ನಿಂತಿದ್ದವರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡದ್ದನ್ನು ಈ ಮಾರ್ಗದ ಯಾವ ಪ್ರಯಾಣಿಕನೂ ಮರೆಯಲಾರ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ಲಿಗೆ ಸರಿಯಾದ ಹೊತ್ತಿಗೆ ತಲುಪಿದರೆ ಒಳಗೆ ಕಾಲೂರಲು ಜಾಗ ಸಿಗುತ್ತದೆ. ಸೈಕಲ್ಲಿನಲ್ಲಿ ಆ ಹೊತ್ತು ಸವಾರನ ಕೈಯಲ್ಲೇ ಇರುತ್ತದೆ. ಹಳಿಯು ಪೂರ್ವ, ಪಶ್ಚಿಮ ಎಂದು ಸೀಳಿದ ಡೊಂಬಿವಲಿಯಲ್ಲಿ 2019ರ ಸೆಪ್ಟೆಂಬರಿನಿಂದ 2021ರ ಸೆಪ್ಟೆಂಬರ್ ತನಕ ಕೋಪರ್ ಸೇತುವೆ ಮುಚ್ಚಿದ್ದಾಗ ವಾಹನಗಳೆಲ್ಲ ಠಾಕುರ್ಲಿ ಸೇತುವೆಯ ಮೇಲೆ ಮುಗಿಬಿದ್ದವು. ಕಲ್ಯಾಣದಲ್ಲಿ ಹಳೆಯ ಪತ್ರಿ ಪೂಲ್ ಸೇತುವೆಯನ್ನು 2018ರಲ್ಲಿ ಕೆಡವಿದ ಮೇಲೆ ಹೊಸದು ತೆರೆದದ್ದು 2021ರ ಜನವರಿಯಲ್ಲಿ. ಆ ವರ್ಷಗಳಲ್ಲಿ ರಿಕ್ಷಾಗಳು ನಿಂತಲ್ಲೇ ನಿಂತಿರುತ್ತಿದ್ದವು, ಸೈಕಲ್ ಹೇಗೋ ಸಂದಿಯಲ್ಲಿ ದಾಟುತ್ತಿತ್ತು.

ರೈಲಿನ ಆಚೆಯ ತುದಿಗೆ ಉತ್ತರ ಸಿಕ್ಕಿದ್ದು ನವಿ ಮುಂಬಯಿಯಲ್ಲಿ. 1970ರಲ್ಲಿ ಹುಟ್ಟಿದ ಸರಕಾರಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ಯೋಜಿಸಿ ಕಟ್ಟಿದ ಊರು ಅದು. ರಸ್ತೆ ಅಗಲ, ಸ್ಟೇಷನ್ ಮುಂದೆ ಜಾಗವೂ ಉಂಟು. 2004ರಲ್ಲಿ ಥಾಣೆ–ವಾಶಿ ಮಾರ್ಗ ತೆರೆದ ಮೇಲೆ ಐರೋಲಿ, ರಬಾಳೆ, ಘಣಸೋಲಿಗಳ ಕಚೇರಿಗಳಿಗೆ ಡೊಂಬಿವಲಿಯವರು ಥಾಣೆಯಲ್ಲಿ ಗಾಡಿ ಬದಲಿಸಿ ಹೋಗತೊಡಗಿದರು. ಸ್ಟೇಷನ್ನಿನಿಂದ ಕಚೇರಿಗೆ ಮತ್ತೆ ರಿಕ್ಷಾ. 2018ರಲ್ಲಿ ಅಲ್ಲಿನ ಮಹಾನಗರಪಾಲಿಕೆ ಬೆಂಗಳೂರಿನ ಯುಲು ಕಂಪನಿಯೊಡನೆ ಬಾಡಿಗೆ ಸೈಕಲ್ ತಂದಿತು. ಮೈಸೂರಿನ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ ಶುರುವಾಗಿ ಆಗ ಒಂದೂವರೆ ವರ್ಷ ಕಳೆದಿತ್ತು. ಮೊಬೈಲಿನಲ್ಲಿ ಬೀಗ ತೆಗೆದು, ಗೊತ್ತಾದ ನಿಲುಗಡೆಯಲ್ಲಿ ಬಿಟ್ಟುಹೋಗುವ ಅನುಕೂಲ ಯುಲುವಿನ ಸೈಕಲ್ಲಿನಲ್ಲಿತ್ತು. ಸ್ವಂತ ಸೈಕಲ್ ಒಂದು ತುದಿಯಲ್ಲಿ, ಬಾಡಿಗೆಯದು ಇನ್ನೊಂದರಲ್ಲಿ ಇದ್ದರೆ ರಿಕ್ಷಾದ ಖರ್ಚು ಎರಡೂ ಕಡೆ ತಪ್ಪುತ್ತದೆ.

ಈ ಲೆಕ್ಕವೆಲ್ಲ ಒಂದೇ ಕಡೆ ಮುರಿದುಬೀಳುತ್ತದೆ, ಸ್ಟ್ಯಾಂಡಿನಲ್ಲಿ. ಒಂದು ಸ್ಟೇಷನ್ನಿನ ಹೊರಗೆ ಅಂಕಣಕಾರ ಹಣ ಕೊಟ್ಟು ನಿಲ್ಲಿಸಿದ ಸೈಕಲ್ಲಿನಿಂದ ಒಮ್ಮೆ ಸೀಟು ಮಾಯವಾಗಿದೆ, ಇನ್ನೊಮ್ಮೆ ದೀಪ. ಇಡೀ ಸೈಕಲ್ಲೇ ಕಳೆದುಕೊಂಡ ಸಹಪ್ರಯಾಣಿಕರೂ ಇದ್ದಾರೆ. ಒಂದು ಕಳವು ವರ್ಷದ ಉಳಿತಾಯವನ್ನು ಒರೆಸಿಹಾಕುತ್ತದೆ. ಎಂಐಡಿಸಿಯ ಕಾರ್ಮಿಕ, ಬೆಳಗಿನ ಪಾವ್ ಮಾರುವವ, ರಾತ್ರಿ ಪಾಳಿಯ ವಾಚ್‌ಮನ್ ಇವರಿಗೆ ಸೈಕಲ್ ತಿಂಗಳ ಗಳಿಕೆಯ ದೊಡ್ಡ ಪಾಲು. ಪಾಲಿಕೆಗಳು ಕೆರೆದಂಡೆಯ ವಿಹಾರಪಥಕ್ಕೆ ಹಾಕುವ ಹಣದಲ್ಲಿ ಒಂದಂಶ ಸ್ಟೇಷನ್ ಬದಿಗೆ ಬಂದರೆ ಇವರೆಲ್ಲರಿಗೂ ಅದು ಮುಟ್ಟುತ್ತದೆ. ಬೇಕಾದದ್ದು ಚಾವಣಿ, ಬೆಳಕು, ಸೈಕಲ್ ಬಿಗಿಯಲು ಕಬ್ಬಿಣದ ಸರಳು, ಚೀಟಿ ಕೊಟ್ಟು ಚೀಟಿ ನೋಡಿ ಬಿಡುವ ಒಬ್ಬ ಕಾವಲುಗಾರ.

ಥಾಣೆ, ಕಲ್ಯಾಣ–ಡೊಂಬಿವಲಿ, ನವಿ ಮುಂಬಯಿ ಮೂರೂ ಪಾಲಿಕೆಗಳ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಬಜೆಟ್ ಸಿದ್ಧವಾಗುವುದು ಅದಕ್ಕೂ ಮುಂಚೆ. ಹೌಸಿಂಗ್ ಸೊಸೈಟಿಗಳು, ಮಂಜುನಾಥ ವಿದ್ಯಾಲಯ ನಡೆಸುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳು ಡಿಸೆಂಬರ್ ಹೊತ್ತಿಗೇ ವಾರ್ಡ್ ಕಚೇರಿಗೆ ಮನವಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬಹುದು. ಸ್ಟ್ಯಾಂಡ್ ರೈಲ್ವೆಯ ಜಾಗದಲ್ಲಿ ಬರಬೇಕಾಗಿದ್ದರೆ ಅದೇ ಮನವಿಯ ಪ್ರತಿಯೊಂದನ್ನು ಮಧ್ಯ ರೈಲ್ವೆಯ ಮುಂಬಯಿ ವಿಭಾಗೀಯ ಕಚೇರಿಗೂ ಕಳಿಸಬೇಕು.