ಮಾಸ್ಟೊಡಾನ್‌ನಲ್ಲಿ ಮಾತಿಗೆ ಸೇರೋದು ಹೇಗೆ?

ದೊಡ್ಡ ಸೋಷಿಯಲ್ ಮೀಡಿಯಾ ಬಿಟ್ಟು ನಾವು ಕೆಲವರು ಮಾಸ್ಟೊಡಾನ್‌ಗೆ ಬಂದಾಗ ಮೊದಲ ವಾರ ಅನಿಸಿದ್ದು ಒಂದೇ: ಇಲ್ಲಿ ಯಾರೂ ಇಲ್ವಲ್ಲ! ಪೋಸ್ಟ್ ಹಾಕಿದ್ವಿ, ಲೈಕೂ ಇಲ್ಲ, ಉತ್ತರವೂ ಇಲ್ಲ. ಇಬ್ಬರು ವಾಪಸ್ ಹೋಗೇಬಿಟ್ಟರು.

2016ರಲ್ಲಿ ಯೂಜೆನ್ ರೋಚ್ಕೊ ಶುರುಮಾಡಿದ ಮಾಸ್ಟೊಡಾನ್ ಒಂದೇ ಕಂಪನಿಯ ಸರ್ವರ್ ಮೇಲೆ ನಿಂತಿಲ್ಲ. ಸಾವಿರಾರು ಸರ್ವರ್‌ಗಳಿವೆ, ಒಂದೊಂದಕ್ಕೂ ಅದರದ್ದೇ ಅಡ್ಮಿನ್, ಅದರದ್ದೇ ನಿಯಮ. 2018ರಲ್ಲಿ ವೆಬ್ ಮಾನದಂಡವಾದ ಆಕ್ಟಿವಿಟಿಪಬ್ ಪ್ರೋಟೊಕಾಲ್ ಮೂಲಕ ಅವು ಮಾತಾಡಿಕೊಳ್ಳುತ್ತವೆ. ಜಿಮೇಲ್‌ನಿಂದ ಕಾಲೇಜಿನ ವಿಳಾಸಕ್ಕೆ ಮೇಲ್ ಹೋಗಲ್ವಾ, ಹೆಚ್ಚುಕಡಿಮೆ ಹಾಗೆ. ಆದರೆ ಬೇರೆ ಸರ್ವರ್‌ನವರ ಪೋಸ್ಟ್ ನಮ್ಮ ಸರ್ವರ್‌ಗೆ ಬರೋದು ಸಾಮಾನ್ಯವಾಗಿ ಇಲ್ಲಿ ಯಾರಾದರೂ ಅವರನ್ನು ಫಾಲೋ ಮಾಡಿದ್ದರೆ, ಇಲ್ಲವೇ ಯಾರಾದರೂ ಬೂಸ್ಟ್ ಮಾಡಿದರೆ. ಹೋಮ್ ಫೀಡ್‌ನಲ್ಲಿ ಆರಿಸಿ ತೋರಿಸುವ ಅಲ್ಗಾರಿದಮ್ಮೂ ಇಲ್ಲ. ಪೋಸ್ಟುಗಳು ಸಮಯದ ಕ್ರಮದಲ್ಲಿ ಬರುತ್ತವೆ. ನಾವು ಯಾರನ್ನೂ ಫಾಲೋ ಮಾಡದೆ ಕೂತಿದ್ವಿ, ಖಾಲಿ ಇರದೆ ಇನ್ನೇನು!

ಮೊದಲು ಪರಿಚಯದ ಪೋಸ್ಟ್ ಬರೆಯಿರಿ, ಹ್ಯಾಶ್‌ಟ್ಯಾಗ್ ಮರೀಬೇಡಿ. ಅಪರಿಚಿತರು ನಿಮ್ಮನ್ನು ಹುಡುಕೋದು ಹೆಚ್ಚಾಗಿ ಅದರಿಂದಲೇ. ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡಲೂಬಹುದು. ಲೈಕ್ ಒತ್ತಿದರೆ ಬರೆದವರಿಗೆ ಖುಷಿ, ಅಷ್ಟೇ. ಪೋಸ್ಟ್ ನಾಲ್ಕು ಜನಕ್ಕೆ ಮುಟ್ಟಬೇಕಂದ್ರೆ ಬೂಸ್ಟ್ ಮಾಡಬೇಕು.

ಉತ್ತರ ಬರೆಯೋ ಮುಂಚೆ ಮಾತ್ರ ಮೂಲ ಪೋಸ್ಟನ್ನು ಅದರ ಸರ್ವರ್‌ನಲ್ಲೇ ತೆರೆದು ನೋಡಿ. ಎಲ್ಲ ಉತ್ತರಗಳೂ ಕೆಲವೊಮ್ಮೆ ನಮ್ಮ ಕಡೆ ಕಾಣಲ್ಲ. ಲಿನಕ್ಸ್ ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತೆ ಅಂತ ಒಬ್ಬರು ಕೇಳಿದ್ದಕ್ಕೆ ನಾವು ಉದ್ದಕ್ಕೆ ವಿವರಿಸಿದ್ವಿ. ಆಮೇಲೆ ನೋಡಿದರೆ ನಾಲ್ವರು ಅದನ್ನೇ ಹೇಳಿಯಾಗಿತ್ತು! ನಾಚಿಕೆಯಾಯ್ತು. ಕೇಳಿದವರು ಮಾತ್ರ ನಗುತ್ತಾ ಇನ್ನೊಂದು ಪ್ರಶ್ನೆ ಕೇಳಿದರು. ಆ ಮಾತು ಎರಡು ದಿನ ನಡೆಯಿತು.