ಜಾಲ ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಬಗೆ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವುದಕ್ಕೆ ಮೊದಲು ಕೋಶ ಕೈಗೆ ಸಿಗಬೇಕು. ಗಡಿನಾಡಿನ ನಮ್ಮ ಮಕ್ಕಳಿಗೆ ಇದೇ ಮೊದಲ ತೊಡಕು. ಮೂಕಂಡಪಲ್ಲಿಯ ಸುತ್ತ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಬೇಕಾದ ಕನ್ನಡ ಪುಸ್ತಕಕ್ಕೆ ಮಾತ್ರ ಬಹುಮಟ್ಟಿಗೆ ಬೆಂಗಳೂರಿನ ಬಸ್ಸನ್ನೇ ಹತ್ತಬೇಕು. ಅಂತರ್ಜಾಲದ ಗ್ರಂಥಾಲಯಗಳು ಬಂದ ಮೇಲೆ ಈ ದೂರ ಕಡಿಮೆಯಾಗಿದೆ. ಆದರೆ ಗ್ರಂಥಾಲಯದ ಬಾಗಿಲು ತೆರೆದಿದ್ದರೆ ಸಾಲದು. ಒಳಗೆ ಹುಡುಕುವ ವಿದ್ಯೆಯೂ ಬೇಕು. ಅದನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ನಮ್ಮ ತಪ್ಪಿನಿಂದಲೇ ಆರಂಭಿಸೋಣ. ಕೆಲವು ವರ್ಷಗಳ ಹಿಂದೆ ಒಂದು ಜಾಲ ಗ್ರಂಥಾಲಯವನ್ನು ಬಳಸುವ ಕ್ರಮವನ್ನು ಒಂಬತ್ತನೆಯ ತರಗತಿಗೆ ಟಿಪ್ಪಣಿಯಾಗಿ ಬರೆಸಿದೆವು. 'ಬಲಗಡೆಯ ಪೆಟ್ಟಿಗೆಯನ್ನು ಒತ್ತು, ಮೂರನೆಯ ಸಾಲನ್ನು ಆರಿಸು' ಎಂಬಂಥ ಏಳು ಹೆಜ್ಜೆಗಳು. ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಬೇಸಿಗೆ ರಜೆ ಮುಗಿದ ಮೇಲೆ ತೆರೆದು ನೋಡಿದರೆ ಆ ತಾಣದ ಮುಖವೇ ಬದಲಾಗಿತ್ತು. ಬಲಗಡೆಯ ಪೆಟ್ಟಿಗೆಯೂ ಇಲ್ಲ, ಮೂರನೆಯ ಸಾಲೂ ಇಲ್ಲ. ಮಕ್ಕಳು ನಮ್ಮ ಮುಖ ನೋಡಿದರು. ನಾವು ಕಂಪ್ಯೂಟರಿನ ಮುಖ ನೋಡಿದೆವು. ಒಬ್ಬ ವಿದ್ಯಾರ್ಥಿನಿ ಹೇಗೋ ಹುಡುಕುವ ಜಾಗವನ್ನು ಕಂಡುಕೊಂಡು 'ಮೂಕಂಡಪಲ್ಲಿಯ ಚರಿತ್ರೆ' ಎಂದು ಬರೆದಳು. ಬಂದ ಉತ್ತರ ಸೊನ್ನೆ. 'ಸಾರ್, ನಮ್ಮೂರಿಗೆ ಚರಿತ್ರೆಯೇ ಇಲ್ಲವಂತೆ' ಎಂದಳು.

ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಗುಂಡಿ ಒತ್ತುವುದನ್ನು ಕಲಿಸಿದ್ದೆವು, ಹುಡುಕುವುದನ್ನು ಕಲಿಸಿರಲಿಲ್ಲ.

ಬದಲಾಗುವುದು, ಬದಲಾಗದಿರುವುದು

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1892ರಲ್ಲಿ ತಮಿಳುನಾಡಿನ ಶೀಯಾಳಿಯಲ್ಲಿ ಹುಟ್ಟಿ, 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂಬ ವಿಚಾರ. ಇದಕ್ಕಾಗಿಯೇ ಗ್ರಂಥಾಲಯಗಳಲ್ಲಿ ಕಾರ್ಡುಗಳ ಸೂಚಿಯನ್ನು ಇಡುತ್ತಿದ್ದರು. ಕರ್ತೃವಿನ ಹೆಸರು, ಪುಸ್ತಕದ ಹೆಸರು, ವಿಷಯ, ಪ್ರಕಟವಾದ ವರ್ಷ ಆ ಕಾರ್ಡಿನಲ್ಲಿರುತ್ತಿದ್ದವು.

ಜಾಲ ಗ್ರಂಥಾಲಯ ಎಷ್ಟು ಸಲ ಹೊಸ ವೇಷ ತೊಟ್ಟರೂ ಒಳಗಿರುವುದು ಈ ಕಾರ್ಡೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಾಲಯವನ್ನು ನೋಡಿರಿ. ಅದರ ಪುಟಗಳ ರೂಪ ಹಲವು ಸಲ ಬದಲಾಗಿದೆ. ಆದರೂ ಹುಡುಕಿದ ಮೇಲೆ ಬರುವ ಪಟ್ಟಿಯ ಪಕ್ಕದಲ್ಲಿ ವರ್ಷ, ವಿಷಯ, ಕರ್ತೃ, ಭಾಷೆ ಎಂಬ ಶೀರ್ಷಿಕೆಗಳನ್ನು ಕಾಣಬಹುದು. ಖರಗಪುರದ ಐಐಟಿ ರೂಪಿಸಿ, 2018ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲೂ ಇಂಥವೇ ಇವೆ. ಆದ್ದರಿಂದ ಹೊಸ ಮುಖ ಕಂಡಾಗ ಗಾಬರಿಯಾಗದೆ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಬರೆಯುವ ಪೆಟ್ಟಿಗೆ ಎಲ್ಲಿದೆ? ಅದು ಪುಸ್ತಕದ ವಿವರವನ್ನು ಹುಡುಕುತ್ತದೆಯೋ, ಒಳಪುಟಗಳ ಮಾತುಗಳನ್ನೂ ಹುಡುಕುತ್ತದೆಯೋ? ಬಂದ ಪಟ್ಟಿಯನ್ನು ಭಾಷೆ, ವರ್ಷಗಳಿಂದ ಸೋಸುವುದು ಹೇಗೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಗ್ರಂಥಾಲಯವೂ ಹೊಸದಲ್ಲ.

ಬರೆಯುವ ಪದ

ಪೆಟ್ಟಿಗೆಯಲ್ಲಿ ಏನು ಬರೆಯಬೇಕೆಂಬುದೇ ಮುಖ್ಯ. ಯಂತ್ರಕ್ಕೆ ನಮ್ಮ ಮನಸ್ಸಿನ ಅರ್ಥ ಪೂರ್ತಿಯಾಗಿ ತಿಳಿಯದು. ಹೆಚ್ಚಾಗಿ ಅದು ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುತ್ತದೆ. ಇಲ್ಲಿ ನಮ್ಮ ವ್ಯಾಕರಣ ಪಾಠ ಕೆಲಸಕ್ಕೆ ಬರುತ್ತದೆ. 'ಹೊಸೂರಿನ', 'ಹೊಸೂರಿನಲ್ಲಿ' ಎಂದು ಬರೆಯದೆ, ವಿಭಕ್ತಿ ಪ್ರತ್ಯಯವನ್ನು ಬಿಡಿಸಿ 'ಹೊಸೂರು' ಎಂದು ನಾಮಪ್ರಕೃತಿಯನ್ನೇ ಬರೆಯಬೇಕು. 'ಚರಿತ್ರೆ'ಗೆ ಸಿಗದಿದ್ದರೆ 'ಇತಿಹಾಸ' ಎಂಬ ಸಮಾನಾರ್ಥಕ ಪದದಿಂದ ಪ್ರಯತ್ನಿಸಬೇಕು. ಮೊದಲು ಒಂದೇ ಪದದಿಂದ ಹುಡುಕಿ, ಪಟ್ಟಿ ತೀರ ಉದ್ದವಾದರೆ ಇನ್ನೊಂದು ಪದ ಸೇರಿಸಬೇಕು. ಒಳಪುಟಗಳನ್ನು ಹುಡುಕುವಾಗ ಇನ್ನೊಂದು ಎಚ್ಚರಿಕೆ: ಹಳೆಯ ಕನ್ನಡ ಅಚ್ಚಿನ ಒತ್ತಕ್ಷರಗಳನ್ನು ಯಂತ್ರ ಎಷ್ಟೋ ಕಡೆ ತಪ್ಪಾಗಿ ಓದಿರುತ್ತದೆ.

ಒಂದೇ ಊರು, ಹಲವು ಹೆಸರು

ನಾವು 'ಹೊಸೂರು' ಎನ್ನುತ್ತೇವೆ. ತಮಿಳಿನಲ್ಲಿ ಇದೇ ಊರನ್ನು 'ಓಸೂರ್' ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಈಗ ಎಚ್ ಅಕ್ಷರದಿಂದ ಆರಂಭಿಸುತ್ತಾರೆ. ಟಿಪ್ಪುವಿನೊಡನೆ ಯುದ್ಧ ನಡೆಯುತ್ತಿದ್ದಾಗ, 1791ರಲ್ಲಿ, ಕಾರ್ನ್‌ವಾಲಿಸನ ಸೈನ್ಯ ಇಲ್ಲಿನ ಕೋಟೆಯನ್ನು ಹಿಡಿಯಿತು. ಆ ಯುದ್ಧವನ್ನು ಕುರಿತ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಎಚ್ ಅಕ್ಷರವೇ ಇಲ್ಲದೆ, ಓ ಅಕ್ಷರದಿಂದ ಆರಂಭವಾಗುವ ರೂಪಗಳು ಬರುತ್ತವೆ. ನಮ್ಮ ಊರಿನ ಹೆಸರೂ ಹೀಗೆಯೇ. ಎಂ ಆದ ಮೇಲೆ ಕೆಲವರು ಎರಡು ಓ ಬರೆಯುತ್ತಾರೆ, ಕೆಲವರು ಒಂದು ಯು ಬರೆಯುತ್ತಾರೆ. ಎಲ್ಲ ರೂಪಗಳಿಂದಲೂ ಹುಡುಕದೆ 'ಇಲ್ಲ' ಎನ್ನಲಾಗದು.

ಜಿಲ್ಲೆಯ ಹೆಸರಿನ ಕಥೆಯನ್ನೂ ಗಮನಿಸಿರಿ. ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಅದಕ್ಕೆ ಮೊದಲು ನಾವು ಧರ್ಮಪುರಿ ಜಿಲ್ಲೆಯಲ್ಲಿದ್ದೆವು. 1965ಕ್ಕೆ ಮೊದಲು ಸೇಲಂ ಜಿಲ್ಲೆಯಲ್ಲಿ. ಆದ್ದರಿಂದ ನೂರು ವರ್ಷದ ಹಿಂದಿನ ಪುಸ್ತಕವನ್ನು 'ಕೃಷ್ಣಗಿರಿ ಜಿಲ್ಲೆ' ಎಂದು ಹುಡುಕಿದರೆ ಸಿಗುವುದಾದರೂ ಹೇಗೆ? ಪುಸ್ತಕ ಹುಟ್ಟಿದ ಕಾಲದ ಹೆಸರಿನಿಂದಲೇ ಅದನ್ನು ಕರೆಯಬೇಕು.

ಮರುದಿನ ಆ ವಿದ್ಯಾರ್ಥಿನಿಯನ್ನು ಕೂರಿಸಿಕೊಂಡು 'ಸೇಲಂ' ಎಂದು ಇಂಗ್ಲಿಷಿನಲ್ಲಿ ಬರೆಸಿದೆವು. ವರ್ಷವನ್ನು 1950ಕ್ಕೆ ಹಿಂದೆ ಎಂದು ಸೋಸಿಸಿದೆವು. ಲೆ ಫಾನು ಬರೆದ 1883ರ ಸೇಲಂ ಜಿಲ್ಲೆಯ ಕೈಪಿಡಿಯೂ, ರಿಚರ್ಡ್ಸ್ ಸಿದ್ಧಪಡಿಸಿದ 1918ರ ಗೆಜೆಟಿಯರೂ ಬಂದವು. ಗೆಜೆಟಿಯರಿನಲ್ಲಿ ಹೊಸೂರು ತಾಲ್ಲೂಕಿನ ವಿವರಣೆಯೇ ಇದೆ. ಅವಳು ನಿಘಂಟು ಪಕ್ಕಕ್ಕಿಟ್ಟುಕೊಂಡು ಎರಡು ಪುಟ ಓದಿ, 'ಇದೆ ಸಾರ್, ಸೇಲಂ ಅಂತ ಬರೆದಿದ್ದಾರೆ ಅಷ್ಟೇ' ಎಂದಳು.

ಬೇರೆ ಲಿಪಿಯಲ್ಲಿ ಅಡಗಿದ ಕನ್ನಡ

ಇನ್ನೊಂದು ಸಂಗತಿ ಕನ್ನಡದವರೆಲ್ಲ ತಿಳಿಯಬೇಕಾದದ್ದು. ಭಾರತದ ಡಿಜಿಟಲ್ ಲೈಬ್ರರಿ ಎಂಬ ಯೋಜನೆಯಲ್ಲಿ ದೇಶದ ಲಕ್ಷಾಂತರ ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿದರು. ಅವುಗಳಲ್ಲಿ ಕನ್ನಡ ಪುಸ್ತಕಗಳೂ ಬಹಳ. ಮುಂದೆ ಅವು ಇಂಟರ್ನೆಟ್ ಆರ್ಕೈವಿಗೂ ಸೇರಿದವು. ಆದರೆ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ, ಅದೂ ದೀರ್ಘ ಸ್ವರಕ್ಕೆ ಎರಡೆರಡು ಅಕ್ಷರ ಹಾಕುವಂಥ ಕ್ರಮದಲ್ಲಿ ದಾಖಲಿಸಿದ್ದರು. ಕನ್ನಡದಲ್ಲಿ ಬರೆದು ಹುಡುಕಿದವರಿಗೆ ಕನ್ನಡ ಪುಸ್ತಕವೇ ಸಿಗದಂತಾಯಿತು. 'ಸಂಚಯ' ಎಂಬ ಕನ್ನಡ ಬಳಗದವರು ಸ್ವಯಂಸೇವಕರ ನೆರವಿನಿಂದ ಅಂಥ ಹೆಸರುಗಳನ್ನು ಕನ್ನಡ ಲಿಪಿಗೆ ತಂದು, 'ಪುಸ್ತಕ ಸಂಚಯ'ವೆಂಬ ಹುಡುಕುತಾಣವನ್ನು ರೂಪಿಸಿದರು. ಒಂದೊಂದೇ ಹೆಸರನ್ನು ತಿದ್ದಿದ ಆ ದುಡಿಮೆಯಿಂದ ಎಷ್ಟೋ ಪುಸ್ತಕಗಳು ಓದುಗರ ಕಣ್ಣಿಗೆ ಬಿದ್ದವು.

ವಿದ್ಯಾರ್ಥಿಗಳೇ, ಪರದೆಯ ಮೇಲೆ ಸೊನ್ನೆ ಕಂಡರೆ 'ಏನೂ ಇಲ್ಲ' ಎಂದು ಅರ್ಥವಲ್ಲ. 'ನೀನು ಬರೆದ ಹೆಸರಿನಲ್ಲಿ ನನ್ನ ಬಳಿ ಇಲ್ಲ' ಎಂದು ಮಾತ್ರ ಅರ್ಥ. ಹೊಸೂರಿಗೆ ತಮಿಳಿನಲ್ಲಿ ಒಂದು ರೂಪ, ಕನ್ನಡದಲ್ಲಿ ಒಂದು ರೂಪ, ಇಂಗ್ಲಿಷಿನಲ್ಲಿ ಎರಡು ಮೂರು ರೂಪ ಬಲ್ಲವರು ಗಡಿನಾಡಿನ ಮಕ್ಕಳಾದ ನೀವೇ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಹೊರೆಯೆಂದು ಕೊರಗಬೇಡಿರಿ. ಹುಡುಕುವವನಿಗೆ ಅದು ದೊಡ್ಡ ಬಲ. ತಾಣದ ಮುಖ ಮುಂದಿನ ವರ್ಷ ಮತ್ತೆ ಬದಲಾಗಬಹುದು. ಈ ಬಲವಿದ್ದರೆ ಚಿಂತೆಯಿಲ್ಲ.

ಅಭ್ಯಾಸ

1. ನಿಮ್ಮ ಊರಿನ ಹೆಸರನ್ನು ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೋ ಅಷ್ಟೂ ಬರೆದು, ಒಂದೊಂದರಿಂದಲೂ ಹುಡುಕಿ ಸಿಕ್ಕಿದ್ದನ್ನು ಗುರುತು ಹಾಕಿಕೊಳ್ಳಿರಿ.

2. ಹೊಸೂರಿನ ಸಮೀಪದ ತೊರಪ್ಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ಪುಸ್ತಕಗಳನ್ನು 'ರಾಜಾಜಿ' ಎಂದೂ 'ರಾಜಗೋಪಾಲಾಚಾರಿ' ಎಂದೂ ಹುಡುಕಿ, ಎರಡು ಪಟ್ಟಿಗಳನ್ನು ಹೋಲಿಸಿರಿ.

3. ಮಾಸ್ತಿ ವೆಂಕಟೇಶ ಅಯ್ಯಂಗಾರರು 'ಶ್ರೀನಿವಾಸ' ಎಂಬ ಕಾವ್ಯನಾಮದಿಂದ ಬರೆದರು. ಕಾವ್ಯನಾಮ ಒಂದನ್ನೇ ಬರೆದು ಹುಡುಕಿದರೆ ಆಗುವ ತೊಂದರೆ ಏನು? ಅದನ್ನು ಹೇಗೆ ನಿವಾರಿಸುವಿರಿ?